ಸೊಸೆಗೊಬ್ಬ ವಕೀಲ ಬೇಕು

ನನ್ನ ಮೌಶಿಯನ್ನು ಕಂಡರೆ ಪುಣೆಯ ಆರು ಮಂದಿ ವಕೀಲರು ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಾರೆ. ಆರು ಎಂಬುದು ಉತ್ಪ್ರೇಕ್ಷೆಯಲ್ಲ. ಆರೂ ಕಚೇರಿಗೆ ಅವಳನ್ನು ಸ್ಕೂಟರಿನಲ್ಲಿ ಕರೆದೊಯ್ದವನು ನಾನೇ. ರಸ್ತೆ ದಾಟುವ ಮಾತು ಮಾತ್ರ ಸ್ವಲ್ಪ ಹೆಚ್ಚಾಯಿತು. ಪುಣೆಯಲ್ಲಿ ಅಷ್ಟು ಸುಲಭವಾಗಿ ಯಾರು ರಸ್ತೆ ದಾಟಿದ್ದಾರೆ?

ಮೌಶಿ ನನ್ನ ತಾಯಿಯ ತಂಗಿ. ಕಟ್ಟಡದ ಮೇಸ್ತ್ರಿಯಾಗಿದ್ದ ಗಂಡನ ಜೊತೆ ಕಲಬುರಗಿ ಕಡೆಯಿಂದ ಬಂದು, ಅವರು ತೀರಿಕೊಂಡ ಮೇಲೂ ಇಲ್ಲೇ ಉಳಿದವಳು. ವಯಸ್ಸು ಅರವತ್ತೆಂಟು. ಈ ವಯಸ್ಸಿನಲ್ಲಿ ವಿಚ್ಛೇದನದ ವಕೀಲರನ್ನು ಯಾರಿಗಾಗಿ ಹುಡುಕುತ್ತಿದ್ದಳು? ಸೊಸೆಗಾಗಿ! ಅದೂ ಹೊಟ್ಟೆಯಲ್ಲಿ ಹುಟ್ಟಿದ ಮಗನ ವಿರುದ್ಧ!

ಮಗ ಪುಣೆಗೆ ಹತ್ತಿರದ ಶಿರೂರಿನ ಕಡೆ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಎರಡು ವರ್ಷದಿಂದ ಈ ಕಡೆ ತಲೆ ಹಾಕಿರಲಿಲ್ಲ. ಸೊಸೆಯ ತವರಿನಲ್ಲಿ ಉಳಿದಿದ್ದವನು ಒಬ್ಬ ಅಣ್ಣ. ಅವನು ಫೋನಿನಲ್ಲಿ, "ಹೊಂದಿಕೊಂಡು ಹೋಗವ್ವ" ಎಂದ. ಯಾರ ಜೊತೆ? ಮನೆಯಲ್ಲಿದ್ದವಳು ಮೌಶಿ ಒಬ್ಬಳೇ. ಅವಳ ಜೊತೆ ಹೊಂದಿಕೊಂಡು ಆರು ವರ್ಷವಾಗಿತ್ತು!

"ಇಕಿ ಅಪ್ಪ ವರ ವಿಚಾರಿಸಲಿಕ್ಕೆ ಬಂದಾಗ 'ನನ್ನ ಮಗ ಬಂಗಾರ ಅದಾನ್ರಿ' ಅಂತ ಹೇಳಿದಾಕಿ ನಾನು" ಎಂದಳು ಮೌಶಿ. "ಸುಳ್ಳು ಸಾಕ್ಷಿ ಹೇಳೀನಿ. ಈಗ ವಕೀಲನ್ನ ವಿಚಾರಿಸೂದೂ ನಂದೇ ಕೆಲಸ."

ಈ ಕೆಲಸದಲ್ಲಿ ಅವಳಿಗೇ ನಷ್ಟವಿತ್ತು. ಮನೆ ಮಗನ ಹೆಸರಿನಲ್ಲಿದೆ. ಕ್ಯಾಂಪ್ ಬಡಾವಣೆಯ ಬಟ್ಟೆ ಅಂಗಡಿಯಲ್ಲಿ ಕೆಲಸ ಹಿಡಿದಿದ್ದ ಸೊಸೆ, ವಿಚ್ಛೇದನವಾದ ಮೇಲೆ ಅವನ ಮನೆಯಲ್ಲಿ ಇರಲಾರೆ, ಅಂಗಡಿಯ ಹತ್ತಿರವೇ ಕೋಣೆ ಮಾಡುತ್ತೇನೆ ಎಂದಿದ್ದಳು. ಅವಳ ಜೊತೆ ನಾಲ್ಕು ವರ್ಷದ ಮಗಳೂ ಹೋಗುತ್ತಾಳೆ. ಆ ಮಗುವಿಗೆ ಅಜ್ಜಿಯ ಕಿವಿ ಹಿಡಿದುಕೊಳ್ಳದೆ ನಿದ್ದೆ ಬರುವುದಿಲ್ಲ.

"ಮೌಶಿ, ಕೂಸೂ ಹೋಗತದಲ್ಲ, ವಿಚಾರ ಮಾಡೀಯೇನು?" ಎಂದೆ.

"ನೀ ಗಾಡಿ ಚಾಲೂ ಮಾಡು" ಎಂದಳು.

ವಕೀಲರನ್ನು ಅವಳು ವಿಚಾರಿಸಿದ್ದು ವರನನ್ನು ವಿಚಾರಿಸುವ ಕ್ರಮದಲ್ಲಿ. ಮೊದಲು ಕೆಳಗಿನ ಚಹಾದಂಗಡಿ, ಆಮೇಲೆ ವಾಚ್‌ಮನ್, ಆಮೇಲೆ ಮೆಟ್ಟಿಲಿನ ಮೇಲೆ ಕೂತ ಕಕ್ಷಿದಾರರು, ಕಟ್ಟಕಡೆಗೆ ವಕೀಲರು. ಸಿಟ್ಟು ಭಾಳೇನು, ಕುಡಿಯುತ್ತಾರೇನು, ಮನೆಯಲ್ಲಿ ಹೆಂಡತಿಯ ಮುಖ ಹೇಗಿರುತ್ತದೆ? ಒಬ್ಬ ವಾಚ್‌ಮನ್ ಗಾಬರಿಯಾಗಿ, "ಅಮ್ಮಾ, ಸಾಹೇಬರಿಗೆ ಮದುವೆಯಾಗಿದೆ" ಎಂದ! ಇವೆಲ್ಲ ನಡೆದದ್ದು ಮರಾಠಿಯಲ್ಲಿ. ವರದಿಯ ಅನುಕೂಲಕ್ಕೆ ಕನ್ನಡಕ್ಕೆ ತಂದಿದ್ದೇನೆ.

ಮೊದಲನೆಯ ವಕೀಲರು ಬಿದ್ದದ್ದು ಶೇಂಗಾದಿಂದ. ಅವರ ಕಚೇರಿಯ ಕೆಳಗೆ ಮೌಶಿ ಹುರಿದ ಶೇಂಗಾ ಕೊಂಡಳು. ಪೊಟ್ಟಣ ಬಿಚ್ಚಿದರೆ ಕಾಗದದ ಮೇಲೆ ಆ ವಕೀಲರದೇ ಮೊಹರು, ಯಾರದೋ ಅರ್ಜಿ: ಗಂಡ ಹೊಡೆಯುತ್ತಾನೆ, ಊಟ ಕೊಡುವುದಿಲ್ಲ. ಮೌಶಿ ಶೇಂಗಾ ತಿನ್ನದೆ ನನ್ನ ಕೈಗಿಟ್ಟಳು. "ಮಂದಿ ಸಂಸಾರದಾಗ ಶೇಂಗಾ ಕಟ್ಟಿ ಕೊಡೂ ವಕೀಲ ನಮಗ ಬ್ಯಾಡಪ್ಪ." ಮೆಟ್ಟಿಲು ಹತ್ತದೆಯೇ ತೀರ್ಪು!

ಇನ್ನೊಬ್ಬರು ಮೂರು ತಿಂಗಳಲ್ಲಿ ಮುಗಿಸಿಕೊಡುತ್ತೇನೆ, ಗ್ಯಾರಂಟಿ ಎಂದರು. "ಮಿಕ್ಸರ್‌ಗೆ ಕಾರ್ಡ್ ಕೊಡ್ತಾರ. ನೀವೂ ಕೊಡ್ರಿ, ಕೆಟ್ಟರ ವಾಪಸ್ ತರತೀನಿ" ಎಂದಳು. ಅವರ ಬಳಿ ಕಾರ್ಡ್ ಇರಲಿಲ್ಲ.

ಐದನೆಯವರದು ಕ್ಯಾಂಪಿನಲ್ಲಿ ಎ.ಸಿ. ಇರುವ ಕಚೇರಿ. ಅವರು ಮೌಶಿಯನ್ನು ಹುಡುಗಿಯ ತಾಯಿ ಎಂದುಕೊಂಡರು. ಪಕ್ಕದಲ್ಲಿ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತ ಸೊಸೆಯನ್ನು ನೋಡಿದರೆ ಯಾರಾದರೂ ಹಾಗೆಯೇ ತಿಳಿಯುತ್ತಿದ್ದರು. "ಅರ್ಜಿಯಲ್ಲಿ ಅತ್ತೆಯ ಹೆಸರನ್ನೂ ಸೇರಿಸೋಣ. ಅತ್ತೆಗೆ ಬಿಸಿ ಮುಟ್ಟಿದರೆ ಮಗ ತಾನಾಗಿ ಬಗ್ಗುತ್ತಾನೆ" ಎಂದರು.

ಮೌಶಿ ಆಸಕ್ತಿಯಿಂದ ಮುಂದೆ ಬಾಗಿದಳು. "ಅತ್ತಿ ಮ್ಯಾಲ ಏನೇನು ಹಾಕಬಹುದ್ರಿ?"

ವಕೀಲರು ಬೆರಳು ಮಡಿಸುತ್ತ ಹೋದರು. ಉಪವಾಸ ಕೆಡವಿದಳು, ಒಡವೆ ಕಿತ್ತುಕೊಂಡಳು, ಕೂದಲು ಹಿಡಿದು ಎಳೆದಳು.

"ಅಂಥಾಕಿ ನೋಡಲಿಕ್ಕೆ ಹೆಂಗ ಇರತಾಳ್ರಿ?"

"ಮುಖ ನೋಡಿದರೇ ಗೊತ್ತಾಗುತ್ತದೆ ಬಿಡಿ. ಇಪ್ಪತ್ತು ವರ್ಷದ ಅನುಭವ!"

"ಹಂಗಾರ ನೋಡ್ರಿ ಮತ್ತ" ಎಂದು ಮೌಶಿ ಸೆರಗು ಸರಿಮಾಡಿಕೊಂಡಳು. "ನಾನೇ ಆಕಿ."

ವಕೀಲರು ಮಡಿಸಿದ್ದ ಬೆರಳುಗಳನ್ನು ಒಂದೊಂದಾಗಿ ಬಿಚ್ಚಿದರು.

ಏಳನೆಯವರು ಸದಾಶಿವ ಪೇಠದ ಹಳೆಯ ವಾಡೆಯ ತೊಟ್ಟಿಮನೆಯಲ್ಲಿ, ಕೋಚಿಂಗ್ ಕ್ಲಾಸಿನ ಮೇಲಿನ ಕೋಣೆಯಲ್ಲಿ ಕೂರುವ ಹೆಂಗಸು. ಕೆಳಗೆ ಮಕ್ಕಳು ಒಟ್ಟಾಗಿ ಸೂತ್ರ ಒಪ್ಪಿಸುತ್ತಿದ್ದರು. ಮೌಶಿ ಎಂದಿನಂತೆ ಪಕ್ಕದಲ್ಲಿ ಕೂತ ಸೊಸೆಯ ಪರವಾಗಿ ಶುರುಮಾಡಿದಳು. ಎಷ್ಟು ದಿನ ಹಿಡಿಯುತ್ತದೆ? ಕೂಸು ಯಾರ ಕಡೆ? ತವರಿನ ಬಂಗಾರ ಯಾರದು? ವಕೀಲರು ನಿಧಾನವಾಗಿ ಉತ್ತರಿಸಿದರು. ವರ್ಷಕ್ಕಿಂತ ಹೆಚ್ಚು ಬೇರೆ ಇದ್ದಾರೆ. ಇಬ್ಬರೂ ಒಪ್ಪಿದರೆ ಕೂಡಿಯೇ ಅರ್ಜಿ ಹಾಕಬಹುದು. ಮರುಯೋಚನೆಗೆ ಕೋರ್ಟು ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತದೆ, ಕೆಲವೊಮ್ಮೆ ಆ ಅವಧಿಯನ್ನು ಮನ್ನಾ ಮಾಡುವುದೂ ಉಂಟು. ಇಷ್ಟು ಚಿಕ್ಕ ಮಗು ಸಾಧಾರಣವಾಗಿ ತಾಯಿಯ ಬಳಿ. ಅವಳ ಬಂಗಾರ ಅವಳದೇ. ಅವನು ಒಪ್ಪದಿದ್ದರೆ ಎಷ್ಟು ವರ್ಷವೋ, ಹೇಳಲಾರೆ.

ಆಮೇಲೆ ಪೆನ್ನು ಕೆಳಗಿಟ್ಟು, "ಅಜ್ಜಿ, ಈಗ ನೀವು ಹೊರಗೆ ಕೂತುಕೊಳ್ಳಿ. ನಾನು ಇವರ ಬಾಯಿಂದ ಕೇಳಬೇಕು" ಎಂದರು.

ಮೌಶಿಯನ್ನು ಹೊರಗೆ ಹಾಕಿದವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಹೊರಗಿನ ಬೆಂಚಿನ ಮೇಲೆ ಕೂತವಳು ಮುಖ ಅರಳಿಸಿಕೊಂಡು, "ಇಕಿನೇ ಬರೋಬರಿ" ಎಂದಳು.

ಇನ್ನು ಮಗನ ಒಪ್ಪಿಗೆ. ಶಿರೂರಿಗೆ ಅವಳು ಒಬ್ಬಳೇ ಸರ್ಕಾರಿ ಎಸ್‌ಟಿ ಬಸ್ಸಿನಲ್ಲಿ ಹೋದಳು. ಅಲ್ಲಿ ನಡೆದದ್ದು ಅವಳು ಹೇಳಿದಂತೆ. ಇನ್ನೊಂದು ಕಡೆಯ ಹೇಳಿಕೆ ನನಗೆ ಸಿಕ್ಕಿಲ್ಲ. ಮಗ, "ಯವ್ವಾ, ನೀ ಯಾರ ಅವ್ವ?" ಎಂದು ಕೇಳಿದನಂತೆ. "ನಿನ್ನವ್ವ ಅಂತನೇ ಬಸ್ ಹತ್ತಿ ಬಂದೀನಿ. ಇಲ್ಲಂದ್ರ ಪೊಲೀಸರು ಬರತಿದ್ರು" ಎಂದಳಂತೆ. ಅವನು ಒಪ್ಪಿದ.

ಹಿಂದಿರುಗಿದ ಮೇಲೆ ನಾನೊಮ್ಮೆ ಕೇಳಿದೆ: "ವಕೀಲರಿಗೆ ಎಲ್ಲಾ ಕೇಳಿದಿ. ಅಜ್ಜಿಗೆ ಮೊಮ್ಮಗಳ ಮ್ಯಾಲ ಏನು ಹಕ್ಕು ಅಂತ ಯಾಕ ಕೇಳಲಿಲ್ಲ?"

"ಕೇಸು ಆಕಿದು. ನಡುವ ನಂದೊಂದು ತುರುಕಿದ್ರ ಆಕಿಗೆ ಭಾರ ಆಗತದ" ಎಂದು ಅಕ್ಕಿ ಆರಿಸತೊಡಗಿದಳು. ಆರಿಸಿದ್ದ ಅಕ್ಕಿಯನ್ನೇ ಮತ್ತೆ ಆರಿಸುತ್ತಿದ್ದಳು.

ಅರ್ಜಿಯ ಕರಡು ಸಿದ್ಧವಾದ ದಿನ ನಾವು ಮೂವರೂ ಹೋದೆವು. ವಕೀಲರು ಷರತ್ತುಗಳನ್ನು ಒಂದೊಂದಾಗಿ ಓದಿದರು. ಮಗು ತಾಯಿಯ ಬಳಿ ಇರತಕ್ಕದ್ದು. ಮೌಶಿ ತಲೆಯಾಡಿಸಿದಳು, ನೆಲ ನೋಡುತ್ತ. ಪ್ರತಿ ಶನಿವಾರ ಸಂಜೆಯಿಂದ ಭಾನುವಾರ ಸಂಜೆಯವರೆಗೆ ಮಗು ತನ್ನ ಅಜ್ಜಿಯ ಮನೆಯಲ್ಲಿ ಇರತಕ್ಕದ್ದು.

ಮೌಶಿ ತಲೆ ಎತ್ತಿದಳು. "ಇದನ್ನ ಯಾರು ಬರಸಿದ್ರು?"

"ನಿಮ್ಮ ಸೊಸೆ. ಈ ಸಾಲು ಇಲ್ಲದಿದ್ದರೆ ಸಹಿ ಮಾಡುವುದಿಲ್ಲ ಎಂದಿದ್ದಾರೆ."

ಮೌಶಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಹಾಕಿಕೊಂಡು ಮತ್ತೆ ತೆಗೆದಳು. ಆಮೇಲೆ, "ಶನಿವಾರ ಬ್ಯಾಡ್ರಿ. ಶುಕ್ರವಾರ ಸಾಲಿ ಬಿಟ್ಟ ಕೂಡಲೇ ಅಂತ ಬರೀರಿ" ಎಂದಳು.

"ಅತ್ತಿ," ಸೊಸೆ ನಗಲು ಹೋಗಿ ಅರ್ಧಕ್ಕೆ ನಿಂತಳು, "ಅಷ್ಟು ದಿನ ಆಕಿ ನಿಮ್ಮಲ್ಲಿದ್ರ, ನಾ ಒಬ್ಬಾಕಿ ಕೋಣ್ಯಾಗ ಏನು ಮಾಡ್ಲಿ?"

"ನೀನೂ ಬಾ. ಅದಕ್ಕೂ ಒಂದು ಷರತ್ತು ಬೇಕೇನ?"