ಉಸಿರು ಬಿಗಿಹಿಡಿದ ಗ್ರಂಥಪಾಲಕರು

ಹಳೆಯ ಪುಸ್ತಕಗಳ ಕೋಣೆಯ ತೇವಮಾಪಕದ ಮುಳ್ಳು ಅಂದು ಬೆಳಿಗ್ಗೆಯೇ ಅರವತ್ತರ ಕೆಂಪು ಗೆರೆಯ ಪಕ್ಕ ಹೊಸ ಅಳಿಯನಂತೆ ಠೀವಿಯಿಂದ ಕೂತಿತ್ತು. ಮಧ್ಯಾಹ್ನ ತಪಾಸಣೆ. ಮುಳ್ಳು ಗೆರೆ ದಾಟಿದರೆ ಪುಸ್ತಕಗಳೆಲ್ಲ ದೂರದ ಗೋದಾಮಿಗೆ! ಹೆತ್ತ ಮಕ್ಕಳಿಗಿಂತ ಹೆಚ್ಚಾಗಿ ಅವನ್ನು ಸಾಕಿದ್ದ ಗ್ರಂಥಪಾಲಕರು ಮಾತ್ರ, "ನಾನಿರೋವಾಗ ಒಂದು ಹಾಳೆ ಅಲ್ಲಾಡಲ್ಲ" ಎಂದು ಮೀಸೆ ತಿರುವಿದರು.

"ಏನ್ಸಾರ್, ಜ್ವರ ಎಷ್ಟಿದೆ?" ಗುಮಾಸ್ತ ನುಗ್ಗಿ ಮಾಪಕಕ್ಕೆ ಮೂಗು ತಾಗಿಸಿ ನೋಡಿದ. ಮುಳ್ಳು ತುಸು ಏರಿತು. "ಅಯ್ಯಯ್ಯೋ, ಏರ್ತಾ ಇದೆ!"

ಆ ಕೂಗಿಗೆ ಲೆಕ್ಕಪತ್ರದ ಮೇಡಂ ತೊಟ್ಟಿಕ್ಕುವ ಕೊಡೆಯೊಂದಿಗೆ ಬಂದರು. ಕ್ಯಾಂಟೀನಿನವನು ಹಬೆಯಾಡುವ ಚಹಾದ ಕೆಟಲ್ ಹಿಡಿದು ಬಂದ. ಎಲ್ಲರೂ ರೋಗಿಯ ಮಂಚ ಸುತ್ತುವರಿದ ನೆಂಟರಂತೆ ನಿಂತು ನಿಟ್ಟುಸಿರಿಟ್ಟರು. ಮುಳ್ಳು ಗೆರೆ ದಾಟಿಯೇ ಬಿಟ್ಟಿತು.

"ಗೋಡೆ ಸರಿಯಿಲ್ಲ, ಆಗ್ಲೇ ಹೇಳಿದ್ದೆ," ಎಂದರು ಮೇಡಂ.

"ಗೋಡೆಯಲ್ಲಮ್ಮ, ನೀವು!" ಗ್ರಂಥಪಾಲಕರಿಗೆ ಜ್ಞಾನೋದಯವಾಯಿತು. "ನಿಮ್ಮ ಕೊಡೆ, ಇವನ ಕೆಟಲ್, ಎಲ್ಲರ ಉಸಿರು! ನಡೀರಿ ಆಚೆ!"

"'ನಡೀರಿ ಆಚೆ!'" ಗುಮಾಸ್ತ ಅವರ ಮೂಗುದನಿಯನ್ನೇ ಅಣಕಿಸಿದ. "ನಾಳೆಯಿಂದ ಮೂಗು ಮನೇಲಿಟ್ಟು ಬರ್ತೀವಿ ಸಾರ್."

ಗ್ರಂಥಪಾಲಕರು ಕಿಟಕಿಯ ಸಂದುಗಳಿಗೆ ಟೇಪು ಅಂಟಿಸಿ, ತೇವ ಹೀರುವ ಯಂತ್ರ ಓಡಿಸಿ, ಬಾಗಿಲಿಗೆ ತಾವೇ ಬೆನ್ನುಕೊಟ್ಟು ನಿಂತರು. ಮಧ್ಯಾಹ್ನದ ಹೊತ್ತಿಗೆ ಮುಳ್ಳು ಐವತ್ತಕ್ಕಿಳಿದು ಹಾಲು ಕುಡಿದ ಕೂಸಿನಂತೆ ಮಲಗಿತ್ತು.

ಅಧಿಕಾರಿ ಬಂದರು. ಒಳಗೆ ಈಗ ಎರಡು ಮೂಗು! ಒಂದನ್ನಾದರೂ ಕಡಿಮೆ ಮಾಡೋಣವೆಂದು ಗ್ರಂಥಪಾಲಕರು ಉಸಿರು ಬಿಗಿಹಿಡಿದು ಬಾಯಿಗೆ ಬೀಗ ಜಡಿದರು.

"ಐವತ್ತು! ಭೇಷ್!" ಅಧಿಕಾರಿ ಎದೆತುಂಬ ಗಾಳಿ ಎಳೆದುಕೊಂಡರು. "ಆಹಾ, ಇಡೀ ಇಲಾಖೇಲಿ ಇಂಥ ಹವೆ ಇಲ್ಲ ಕಣ್ರೀ. ನಮ್ಮ ನಿರ್ದೇಶಕರಿಗೆ ದಮ್ಮು. ಡಾಕ್ಟ್ರು ಇಂಥ ರೂಮಲ್ಲೇ ಕೂತ್ಕೊಳಿ ಅಂದಿದ್ದಾರೆ. ಅವರ ಕುರ್ಚಿ ಇಲ್ಲಿಗೆ ತರಿಸ್ತೀನಿ, ಪುಸ್ತಕ ಗೋದಾಮಿಗೆ ಹೋಗ್ಲಿ. ನಿಮ್ಮ ತಕರಾರಿದ್ರೆ ಈಗ್ಲೇ ಹೇಳ್ಬಿಡಿ."

ಗ್ರಂಥಪಾಲಕರ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ತಕರಾರು ಹೇಳಲು ಬಾಯಿ ತೆರೆದರು. ಮಾತಿಗೂ ಮುಂಚೆ ಕೆಮ್ಮು ನುಗ್ಗಿತು. ಕಣ್ಣಲ್ಲಿ ನೀರು ಧಾರೆಯಾಯಿತು.

"ಪಾಪ, ಸಂತೋಷಕ್ಕೆ ಮಾತೇ ಹೊರಡ್ತಿಲ್ಲ!" ಬೆನ್ನು ತಟ್ಟಿ, ಕಾಗದಕ್ಕೆ ಸಹಿ ಗೀಚಿ ಅಧಿಕಾರಿ ಹೊರಟರು.

ಕೆಮ್ಮು ನಿಂತಾಗ ಮುಳ್ಳು ಕೆಂಪು ಗೆರೆ ದಾಟಿತ್ತು. ಅಧಿಕಾರಿಯ ಜೀಪು ಗೇಟು ದಾಟಿತ್ತು.