ಕೌದಿಯ ಕೊನೇ ಮೂಲೆ

ನಮ್ಮ ಮನೆಯಲ್ಲಿ ಕೌದಿ ಹೊಲಿಯುವಾಗ ಏನೂ ಆಗುವುದಿಲ್ಲ. ಆಗುವುದೆಲ್ಲ ಮುಗಿಸುವಾಗಲೇ. ಕೊಪ್ಪದಲ್ಲಿ ನಾನು ಹೊಲಿಗೆ ಕ್ಲಾಸ್ ನಡೆಸುತ್ತೇನೆ. ಓದಿದ್ದು ಅರ್ಥಶಾಸ್ತ್ರ, ಅದು ಬೇರೆ ಮಾತು. ನೆಂಟರಲ್ಲಿ ಯಾರಿಗೆ ಮಗುವಾದರೂ ಕೌದಿ ನನ್ನದೇ. ಹಳೇ ನೂಲಿನ ಸೀರೆಗಳನ್ನು ಪದರವಾಗಿ ಹಾಸಿ, ಜಾರದ ಹಾಗೆ ಉದ್ದುದ್ದ ಹೊಲಿಗೆ ಹಾಕಿ, ಆಮೇಲೆ ಒತ್ತಾಗಿ ಹೊಲಿದು, ಅಂಚು ಕತ್ತರಿಸಿ, ಸುತ್ತ ಪಟ್ಟಿ ಕೊಟ್ಟು, ಎಲ್ಲ ಆದ ಮೇಲೆ ಒಗೆಯಬೇಕು. ಇದು ಕ್ಲಾಸಿನಲ್ಲಿ ನಾನು ಹೇಳಿಕೊಡುವ ಕ್ರಮ. ನಮ್ಮ ಅತ್ತೆಯ ಕ್ರಮದಲ್ಲಿ ಇನ್ನೊಂದಿದೆ: ಪಟ್ಟಿಯ ಕೊನೇ ಮೂಲೆಯನ್ನು ಮಕ್ಕಳಾದವಳೇ ಮುಚ್ಚಬೇಕು. ನನಗೆ ಮಕ್ಕಳಿಲ್ಲ. ಹಾಗಾಗಿ ಬೇಕಾದಷ್ಟು ಕೌದಿ ಹೊಲಿದಿದ್ದೆ, ಒಂದನ್ನೂ ಮುಗಿಸಿರಲಿಲ್ಲ. ಒಂದನ್ನಾದರೂ ನನ್ನ ಕೈಯಲ್ಲೇ ಮುಗಿಸುವ ಆಸೆ ಇತ್ತು.

ಒಳಗಿದ್ದ ಸೀರೆ

ಶೃಂಗೇರಿಯ ನಾದಿನಿಗೆ ಮಗುವಾದಾಗ ಮೂರು ಮೂಲೆ ಮುಚ್ಚಿ, ನಾಲ್ಕನೆಯದನ್ನು ಓರಗಿತ್ತಿಗೆ ಬಿಟ್ಟೆ. ನನ್ನ ಭಾವನ ಹೆಂಡತಿ, ಮನೆಯ ದೊಡ್ಡ ಸೊಸೆ, ಇಬ್ಬರು ಗಂಡುಮಕ್ಕಳ ತಾಯಿ. ನಾನು ಅಕ್ಕ ಅಂತಲೇ ಕರೆಯುವುದು.

"ಮೊದಲು ಒಗೆದುಬಿಡ್ತೀನಿ, ಆಮೇಲೆ ಹೊಲಿದರಾಯ್ತು" ಅಂದಳು.

"ಅಕ್ಕ, ಬಾಯಿ ತೆರೆದಿದೆ, ಒಳಗಿನದೆಲ್ಲ ಹೊರಗೆ ಬರತ್ತೆ."

"ಮಕ್ಕಳ ಬಟ್ಟೆ ಒಗೆದವಳು ನಾನಾ, ನೀನಾ ಮಾರಾಯ್ತಿ?"

ಕಲ್ಲಿನ ಮೇಲೆ ಬಡಿದದ್ದೇ ತಡ, ತೆರೆದ ಮೂಲೆಯಿಂದ ಹಸಿರು ಸೀರೆಯೊಂದರ ತುದಿ ನಾಲಿಗೆಯ ಹಾಗೆ ಹೊರಗೆ ಬಂತು. ಅತ್ತೆ ಅಲ್ಲೇ ನಿಂತಿದ್ದರು. ಅದು ಅವರದೇ ಸೀರೆ. ಅದನ್ನು ಕದ್ದಳು ಅಂತಲೇ ಅವರು ಮನೆಯ ಕೆಲಸದವಳನ್ನು ಬೈದು ಕಳಿಸಿದ್ದು. ಒಳಗೆ ತುಂಬಲಿಕ್ಕೆ ನನಗೆ ಕೊಟ್ಟವಳು ಅಕ್ಕ.

"ನಾ ಎಂತ ಕಂಡೆ, ಹಳೇದರ ಹಾಗೇ ಇತ್ತು" ಅಂದಳು.

ಸೀರೆ ಸಿಕ್ಕಿತು. ಕೆಲಸದವಳು ಮತ್ತೆ ಸಿಗಲಿಲ್ಲ.

ಬಸ್ಸಿನಲ್ಲಿ

ನರಸಿಂಹರಾಜಪುರದ ನೆಂಟರ ಮನೆಯಲ್ಲಿ ನಾಮಕರಣ. ಅಕ್ಕನಿಗೆ ಜ್ವರ ಬಂದು ಕೌದಿಯ ಮೂಲೆ ಹಾಗೇ ಉಳಿದಿತ್ತು. ಅತ್ತೆ ಮತ್ತು ನಾನು ಅದನ್ನು ಚೀಲದಲ್ಲಿಟ್ಟು ಬಸ್ಸು ಹತ್ತಿದೆವು. ಸ್ವಲ್ಪ ದೂರ ಹೋದದ್ದೇ ಅತ್ತೆ ಪಕ್ಕದ ಸೀಟಿನ ಹೆಂಗಸನ್ನು ಕೇಳಿದರು, "ನಿಮಗೆ ಮಕ್ಕಳುಂಟಾ?"

"ಉಂಟು. ಅವೇ ತಲೆನೋವು."

"ಹಾಗಾದ್ರೆ ಇದೊಂದು ಮೂಲೆ ಹೊಲಿದು ಕೊಡಿ."

"ನನಗೆ ಸೂಜಿ ಹಿಡಿದೇ ಗೊತ್ತಿಲ್ಲಮ್ಮ. ಇವರಿಗೆ ಬರಲ್ವಾ?" ಅಂತ ಆಕೆ ನನ್ನನ್ನು ನೋಡಿದಳು.

"ಇವಳಿಗೆ ಬಸ್ಸಿನಲ್ಲಿ ತಲೆ ತಿರುಗತ್ತೆ" ಅಂದರು ಅತ್ತೆ.

ಆಕೆ ಒಂದೊಂದು ತಿರುವಿಗೂ ಬೆರಳು ಚುಚ್ಚಿಕೊಳ್ಳುತ್ತ, ಹೇಗೋ ಮೂಲೆ ಮುಚ್ಚಿದಳು. ಅದುವರೆಗೆ ನನಗೆ ಬಸ್ಸಿನಲ್ಲಿ ತಲೆ ತಿರುಗಿದ್ದೇ ಇಲ್ಲ. ಅವತ್ತು ತಿರುಗಿತು.

ತೊಟ್ಟಿಲ ದಿನ

ಕೊನೆಗೆ ನಮ್ಮ ಮನೆಯಲ್ಲೇ ಮೈದುನನ ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಬಂತು. ಆ ಕೌದಿಗೆ ನನ್ನ ಮದುವೆಯಲ್ಲಿ ಉಟ್ಟ ನೂಲಿನ ಸೀರೆಯನ್ನೇ ಹಾಕಿದ್ದೆ. ಮುಗಿಸುವುದೊಂದು ಬಾಕಿ. ಅಕ್ಕ ರೇಷ್ಮೆ ಸೀರೆ ಉಟ್ಟು ಬಂದು, ಕೌದಿಯನ್ನು ತೊಡೆಯ ಮೇಲೆ ಹರಡಿಕೊಂಡು, ಹೊಸ ಮೊಬೈಲನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಹೊಲಿಯಲು ಕೂತಳು. ಸಿಗ್ನಲ್ ಸಿಗುವ ಜಾಗ ಅದೊಂದೇ, ಕಿಟಕಿ ಪಕ್ಕ.

"ಮುಹೂರ್ತ ಆಯ್ತು, ಕೌದಿ ತನ್ನಿ" ಅಂದರು ಪುರೋಹಿತರು.

ಅಕ್ಕ ದಾರ ಕಚ್ಚಿ ತುಂಡು ಮಾಡಿ ಎದ್ದಳು. ಕೌದಿಯೂ ಎದ್ದಿತು. ಮೂಲೆಯನ್ನು ತನ್ನ ನೆರಿಗೆಗೇ ಸೇರಿಸಿ ಹೊಲಿದಿದ್ದಳು.

"ಎಳೀಬೇಡ, ರೇಷ್ಮೆ ಹರಿದೀತು" ಅಂದ ಅತ್ತೆ ನನ್ನ ಕಡೆ ತಿರುಗಿ, "ನೀನು ಬಿಡಿಸು" ಅಂದರು.

ಬಿಡಿಸಿದೆ. ಅಕ್ಕ ನೆರಿಗೆ ಸರಿಮಾಡಿಕೊಳ್ಳಲು ಒಳಗೆ ಓಡಿದಳು. ಮೂಲೆ ಮತ್ತೆ ಬಾಯಿ ತೆರೆದಿತ್ತು.

"ನೀನೇ ಹೊಲಿದುಬಿಡು" ಅಂದರು ಅತ್ತೆ.

"ನಾನು ಹೊಲಿಯಬಹುದಾ ಅತ್ತೆ?"

"ಶಾಸ್ತ್ರದ್ದು ಅವಳು ಹೊಲಿದು ಆಯ್ತಲ್ಲ. ಇದು ರಿಪೇರಿ."

ಅಷ್ಟು ಗಟ್ಟಿಯಾಗಿ ನಾನು ಯಾವತ್ತೂ ಹೊಲಿದಿಲ್ಲ. ಆ ಮಗು ಈಗ ಶಾಲೆಗೆ ಹೋಗುತ್ತದೆ. ಕೌದಿ ಎಲ್ಲ ಕಡೆ ಪಿಸಿದು ನೂಲು ಬಿಟ್ಟಿದೆ, ಆ ಮೂಲೆ ಮಾತ್ರ ಕದಲಿಲ್ಲ. ಬಂದವರಿಗೆಲ್ಲ ಅತ್ತೆ ಅದನ್ನೇ ಎತ್ತಿ ತೋರಿಸುತ್ತಾರೆ: "ನೋಡಿ, ನಮ್ಮ ದೊಡ್ಡ ಸೊಸೆಯ ಕೈಗುಣ."