ಪ್ಲಾಟಿನಂ ಫೋಟೊಕ್ಕೆ ಕಾಗದ ನೋಡಿದ್ದು

ಒಂದು ಕೆಲಸವನ್ನು ಸರಿಯಾಗಿಯೇ ಮಾಡಬೇಕೆಂದು ಹಟ ಹಿಡಿದವನ ಸುತ್ತ ನಗುವವರು ತಾವಾಗಿ ಬಂದು ಸೇರುತ್ತಾರೆ. ನಾನು ಯಾರನ್ನೂ ಕರೆದಿಲ್ಲ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾಗಿ, ಹಳೆಯ ಕ್ರಮದ ಫೋಟೊ ಮುದ್ರಣಕ್ಕೆ ಕೈ ಹಾಕಿದ ಮೇಲಂತೂ ಕುಮಟೆಯಿಂದ ಭಟ್ಕಳದವರೆಗೆ ನನ್ನೆದುರು ಗಂಭೀರವಾಗಿ ನಿಂತವರು ಕಡಿಮೆ.

ಮೀಸೆ

ಅಘನಾಶಿನಿಯಲ್ಲಿ ನದಿಗಿಳಿದು ಬಳಚು, ಅಂದರೆ ಚಿಪ್ಪುಮೀನು, ಆರಿಸುವ ಅಜ್ಜಿಯೊಬ್ಬರ ಫೋಟೊ ತೆಗೆದೆ. ಅವರು ಮನೆಗೆ ಕರೆದೊಯ್ದು ಗೋಡೆ ತೋರಿಸಿದರು. ತೀರಿಹೋದ ಗಂಡನ ಫೋಟೊ ಉಪ್ಪುಗಾಳಿಗೂ ಬೂಸಲಿಗೂ ಸಿಕ್ಕಿ ಮುಖವೆಲ್ಲ ಮಾಯವಾಗಿತ್ತು; ಮೀಸೆ ಮಾತ್ರ ಉಳಿದಿತ್ತು. ಹಾರ ಆ ಮೀಸೆಗೇ.

"ಅವ್ರದ್ದು ಮೀಸೆಯಾದ್ರೂ ಉಳೀತು ಮಾಸ್ತರೆ. ನಾ ಸತ್ಮೇಲೆ ನಂದು ಎಂತ ಉಳೀತದೆ?"

ಉಪ್ಪು ಮೆಣಸು

ಮಾಸದ ಫೋಟೊ ಕೊಡುತ್ತೇನೆಂದು ಮಾತು ಕೊಟ್ಟೆ. ಕೊಟ್ಟ ಮಾತಿಗೆ ತಪ್ಪುವವನು ನಾನಲ್ಲ. ಪ್ಲಾಟಿನಂ, ಪಲ್ಲಾಡಿಯಂ ಲವಣಗಳನ್ನು ಬ್ರಷ್‌ನಿಂದ ಕಾಗದಕ್ಕೆ ಸವರಿ, ಮೇಲೆ ನೆಗೆಟಿವ್ ಇಟ್ಟು ಬಿಸಿಲಿಗೆ ಹಿಡಿಯುವ ಕ್ರಮ ಅದು. ಚಿತ್ರ ಕಾಗದದ ನಾರಿನೊಳಗೇ ಕೂರುತ್ತದೆ. ಕಾಗದದ ಆಯಸ್ಸೇ ಚಿತ್ರದ ಆಯಸ್ಸು. ನನ್ನಲ್ಲಿ ಉಳಿದಿದ್ದ ದ್ರಾವಣ ಒಂದೇ ಚಿತ್ರಕ್ಕೆ ಸಾಕಾಗುವಷ್ಟು. ಕಾಗದ ತಪ್ಪಿದರೆ ಎಲ್ಲ ಹೋಯಿತು. ಹತ್ತಿಯದೇ ಆಗಬೇಕು, ಸುಣ್ಣದ ಪುಡಿ ಬೆರೆತಿರಬಾರದು.

ಕುಮಟೆಯ ಪುಸ್ತಕದಂಗಡಿಯಲ್ಲಿ ದಪ್ಪ ಹಾಳೆಗಳನ್ನು ಕಂಡು ಕೇಳಿದೆ, "ಇದರಲ್ಲಿ ಸುಣ್ಣ ಇದೆಯೇ?"

"ಸುಣ್ಣ ಎದುರಿನ ಪಾನಂಗಡೀಲಿ ಸಿಗ್ತದೆ ಸರ್."

ವಾದಿಸದೆ ಒಂದೊಂದು ತರದ ಒಂದು ಹಾಳೆ ಕೊಂಡೆ. ಅಲ್ಲೇ ಮೂಲೆ ಹರಿದು, ಜೇಬಿನಿಂದ ಲಿಂಬೆಹಣ್ಣು ತೆಗೆದು ಹಿಂಡಿ, ಭೂತಗನ್ನಡಿ ಹಿಡಿದು ಬಗ್ಗಿದೆ. ಸುಣ್ಣ ಇದ್ದರೆ ಸಣ್ಣ ಗುಳ್ಳೆ ಏಳುತ್ತದೆ. ನಾಲ್ಕು ತರ ಗುಳ್ಳೆ ಎಬ್ಬಿಸಿದವು, ಮೂರು ಸುಮ್ಮನಿದ್ದವು. ತಲೆ ಎತ್ತಿದರೆ ಅಂಗಡಿಯವರು ಬಹಳ ವಿನಯದಿಂದ ನಿಂತಿದ್ದರು.

"ಉಪ್ಪು ಮೆಣಸು ತರಿಸ್ಲಾ ಸರ್, ಅಥ್ವಾ ಹಾಗೇ ತಿಂತ್ರಾ?"

ನಕಲಿ

ಕಾಗದ ಬೆಳ್ಳಗೆ ಕಾಣಲೆಂದು ಹೊಳಪಿನ ಮದ್ದು ಬೆರೆಸಿರುತ್ತಾರೆ. ಅದೂ ನಿಷಿದ್ಧ. ನೇರಳೆ ದೀಪದ ಕೆಳಗೆ ಹಿಡಿದರೆ ಅಂಥ ಕಾಗದ ನೀಲಿಯಾಗಿ ಮಿನುಗುತ್ತದೆ. ಭಟ್ಕಳದಲ್ಲಿ ನನ್ನ ಪರಿಚಯದ ಬಟ್ಟೆ ವ್ಯಾಪಾರಿಯ ಗಲ್ಲಾದ ಮೇಲೆ ಖೋಟಾ ನೋಟು ಹಿಡಿಯುವ ಅಂಥ ದೀಪ ಇತ್ತು. ಉಳಿದ ಮೂರು ಹಾಳೆ ಹಿಡಿದುಕೊಂಡು ಹೋದೆ.

"ಇಷ್ಟು ದೊಡ್ಡ ನೋಟು ಯಾರು ತಕೊಳ್ತಾರೆ ಸಾಹೇಬ್ರೆ?" ಎಂದು ಗಿರಾಕಿಯೊಬ್ಬ ಕೇಳಿದ. ನಾನು ಹಾಳೆಗಳನ್ನು ದೀಪದಡಿ ಇಟ್ಟೆ. ಮೂರೂ ಮಂಕಾಗಿಯೇ ಉಳಿದವು. ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಏನೋ ಝಗ್ಗೆಂದು ಹೊಳೆಯಿತು. ನನ್ನ ಬಿಳಿ ಅಂಗಿಯ ತೋಳು. ಬಟ್ಟೆ ಒಗೆಯುವ ಪುಡಿಯಲ್ಲೂ ಅದೇ ಮದ್ದು ಇರುತ್ತದೆ.

ವ್ಯಾಪಾರಿ ತೀರ್ಪು ಕೊಟ್ಟರು: "ಪೇಪರ್ ಪಾಸು ಸರ್. ನೀವೇ ನಕಲಿ."

ನೆನೆಹಾಕಿದ್ದು

ಇನ್ನು ನೀರಿನ ಪರೀಕ್ಷೆ. ಹೊನ್ನಾವರದ ನಮ್ಮ ಅಡುಗೆಮನೆಯ ಅಗಲ ಪಾತ್ರೆಗಳಲ್ಲಿ ಮೂರೂ ಹಾಳೆಗಳ ತುಂಡು ನೆನೆಹಾಕಿ, ಪಕ್ಕದಲ್ಲಿ ಗಡಿಯಾರವಿಟ್ಟು ಕೂತೆ. ಒಂದು ಅರ್ಧ ಗಂಟೆಗೆ ಗಂಜಿಯಾಯಿತು. ಇನ್ನೊಂದು ಎತ್ತುವಾಗ ಎರಡಾಯಿತು. ಮೂರನೆಯದು ಎರಡು ಗಂಟೆ ನೆನೆದರೂ ಜಗ್ಗಲಿಲ್ಲ.

ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ನನ್ನ ನೋಡೂಕೆ ಬಂದಾಗ ಒಂದು ಚಾ ಕುಡಿಯೂದ್ರೊಳಗೆ ಒಪ್ಪಿದ್ರಿ. ಈ ಕಾಗದಕ್ಕೆ ಆರು ತಿಂಗಳಾ?"

ಸತ್ಯವನ್ನು ಮರೆಮಾಚುವುದು ನನ್ನ ಸ್ವಭಾವವಲ್ಲ. "ಆಗ ನನಗೆ ಪರೀಕ್ಷೆ ಮಾಡುವ ಕ್ರಮ ಗೊತ್ತಿರಲಿಲ್ಲ," ಎಂದೆ.

ಎರಡು ದಿನ ನಾನೇ ಅನ್ನ ಮಾಡಿಕೊಂಡೆ.

ತೀರ್ಪು

ಆ ಮೂರನೆಯ ಹಾಳೆಯ ಮೇಲೆ, ಇದ್ದ ದ್ರಾವಣವನ್ನೆಲ್ಲ ಸವರಿ, ಅಜ್ಜಿಯ ಚಿತ್ರ ಮೂಡಿಸಿದೆ. ಮೊಣಕಾಲುದ್ದ ನೀರು, ಸೊಂಟದಲ್ಲಿ ಬುಟ್ಟಿ, ಮುಖದಲ್ಲಿ ತುಂಬು ನಗು. ಒಂದೊಂದು ಸುಕ್ಕೂ ಎದ್ದು ಕಾಣುತ್ತಿತ್ತು. ನಾನು ಮಾಡಿದ್ದರಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ. ಅಘನಾಶಿನಿಗೆ ಹೋಗಿ ಕೈಗಿತ್ತೆ. ಅಜ್ಜಿ ಬೆಳಕಿಗೆ ಹಿಡಿದರು, ಹೆಬ್ಬೆರಳಿಂದ ಸವರಿದರು.

"ಹೊಳೆಯೂದೇ ಇಲ್ವಲಾ?"

"ಇದು ಹೊಳೆಯುವುದಿಲ್ಲ ಅಜ್ಜಿ, ಮಾಸುವುದೂ ಇಲ್ಲ."

"ಖರೇನಾ? ಎಷ್ಟು ಕಾಲ?"

"ನಿಮ್ಮ ಮರಿಮಕ್ಕಳ ಮರಿಮಕ್ಕಳೂ ನೋಡಬಹುದು."

ಅಜ್ಜಿಯ ಕಣ್ಣು ಚಿತ್ರದಲ್ಲೇ ನೆಟ್ಟಿತ್ತು. ಎದ್ದು ಒಳಗೆ ಹೋದರು, ಅಳಲು ಹೋದರೆಂದುಕೊಂಡೆ. ಹೊರಗೆ ಬಂದಾಗ ಮೈಮೇಲೆ ಜರಿ ಸೀರೆ, ಬಾಯಲ್ಲಿ ಎರಡು ಸಾಲು ಬೆಳ್ಳನೆ ಹಲ್ಲು! ನೇರ ಬಂದು ಮೆಟ್ಟಿಲ ಮೇಲೆ ಕೂತರು.

"ಆತು, ಈಗ ತೆಗೀರಿ."

"ಅಜ್ಜಿ, ಚಿತ್ರ ಆಗಿದೆಯಲ್ಲ!"

"ಅದ್ರಲ್ಲಿ ಹಲ್ಲೆಲ್ಲಿದೆ? ನೀರಿಗೆ ಬೀಳ್ತದೆ ಅಂತ ಹಲ್ಲಿನ ಸೆಟ್ಟು ಮನೇಲಿಟ್ಟು ಹೋಗೂದು ನಾನು. ಮರಿಮಕ್ಕಳ ಮರಿಮಕ್ಕಳಿಗೆಲ್ಲ ಬೊಚ್ಚುಬಾಯಿ ತೋರಿಸ್ಕಂಡು ಕೂರೂದಾ?"

ಸೊಸೆ ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು. ಒಂದು ಹಾಳೆಗಾಗಿ ಎಷ್ಟು ಅಲೆದೆ, ಎಷ್ಟು ಪರೀಕ್ಷೆ ಮಾಡಿದೆ ಎಂದು ನಾನು ಮೊದಲಿಂದ ಕೊನೆಯವರೆಗೆ ವಿವರಿಸಿದೆ. ಅಜ್ಜಿ ತಾಳ್ಮೆಯಿಂದ ಎಲ್ಲ ಕೇಳಿದರು.

"ಅಲ್ಲ ಮಾಸ್ತರೆ, ಕಾಗದಕ್ಕೆ ಇಷ್ಟೆಲ್ಲ ನೋಡಿದ್ರಿ. ಬಾಯಲ್ಲಿ ಹಲ್ಲಿದ್ಯಾ ಅಂತ ಒಂದ್ಸಲ ನೋಡೂಕೆ ನಿಮ್ಗೆ ಎಂತಾಗಿತ್ತು?"